ಅಪ್ಪ ಹೋದಾಗ ಬಾರದ ಅಳು ಸಿನಿಮಾ ನೋಡುವಾಗ ಯಾಕೆ ಬಂತು?

ಪ್ರಶ್ನೆ: ನನಗೆ 43 ವರ್ಷ. ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸುಲಭಕ್ಕೆ ಅಳುವವಳಲ್ಲ. ಎರಡು ತಿಂಗಳ ಹಿಂದೆ ಮಗಳ ಒತ್ತಾಯಕ್ಕೆ ಅವಳ ಜೊತೆ ಕೂತು ‘ಅವೆಂಜರ್ಸ್: ಎಂಡ್‌ಗೇಮ್’ ಅನ್ನುವ ಸೂಪರ್‌ಹೀರೋ ಸಿನಿಮಾ ನೋಡಿದೆ. ಅವಳು ಚಿಕ್ಕವಳಿದ್ದಾಗಿನಿಂದ ಈ ಸರಣಿಯನ್ನು ಇಬ್ಬರೂ ಒಟ್ಟಿಗೇ ನೋಡಿಕೊಂಡು ಬಂದಿದ್ದೇವೆ, ಇದೊಂದು ಬಾಕಿ ಇತ್ತು. ಕೊನೆಯಲ್ಲಿ ಐರನ್ ಮ್ಯಾನ್ ಸಾಯುತ್ತಾನೆ. ಅವನು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಮಾತನ್ನು ಹೆಂಡತಿ, ಪುಟ್ಟ ಮಗಳು ಕೂತು ಕೇಳುತ್ತಾರೆ. ಅಲ್ಲಿ ನನಗೆ ದುಃಖ ಉಮ್ಮಳಿಸಿ ಬಂತು. ದುಪಟ್ಟಾ ಬಾಯಿಗೆ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಮಗಳು ಗಾಬರಿಯಾಗಿ ಸಿನಿಮಾ ನಿಲ್ಲಿಸಿದಳು. ‘ಅಮ್ಮಾ, ತಾತ ನೆನಪಾದ್ರಾ?’ ಅಂದಳು. ‘ಇಲ್ಲ, ಸುಮ್ನೆ’ ಅಂದೆ.

ಅದಾಗಿ ಮೂರು ವಾರಕ್ಕೆ ಚಿತ್ರಕಲೆಯ ದೊಡ್ಡ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ, ಮನೆ ಬಿಟ್ಟು ಹೋದ ಮಗ ವಾಪಸ್ ಬಂದು ತಂದೆಯ ಮುಂದೆ ಮಂಡಿಯೂರಿರುವ ಚಿತ್ರ ಬಂತು. ಅಳು ಬರಲಿಲ್ಲ. ಆದರೆ ಪುಟ ತಿರುಗಿಸೋಕೆ ಕೈ ಬರಲಿಲ್ಲ. ಎದೆ ಡವಡವ, ಮೈ ಜುಮ್ಮೆಂದಿತು, ತಲೆ ಸ್ವಲ್ಪ ಸುತ್ತಿದ ಹಾಗಾಯಿತು. ತಮ್ಮನಿಗೆ ಹೇಳಿದರೆ, ಅವನು ಮೊಬೈಲ್‌ನಲ್ಲಿ ಹುಡುಕಿ ‘ಅಕ್ಕಾ, ಇದು ಸ್ಟೆಂಡಾಲ್ ಸಿಂಡ್ರೋಮ್ ಅನ್ನೋ ಕಾಯಿಲೆ’ ಅಂದ. ನನ್ನ ಯಜಮಾನರು ‘ಚಿತ್ರಕ್ಕಾದರೆ ಸರಿ, ಅಂಥ ಹೊಡೆದಾಟದ ಸಿನಿಮಾಕ್ಕೆ ಯಾರಾದರೂ ಅಳ್ತಾರಾ?’ ಅಂದರು. ನಾಲ್ಕು ವರ್ಷದ ಹಿಂದೆ ಅಪ್ಪ ಐಸಿಯುನಲ್ಲಿ ತೀರಿಕೊಂಡಾಗ ನನಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಕೊನೆಯ ಆರು ದಿನ ಬಾಯಲ್ಲಿ ಟ್ಯೂಬ್ ಇತ್ತು, ಮಾತೂ ಆಡಲಿಲ್ಲ. ಆಗ ಕಲ್ಲಿನ ಹಾಗೆ ಓಡಾಡಿದವಳು ಈಗ ಕಥೆಗೆ, ಬಣ್ಣಕ್ಕೆ ಹೀಗಾಗುತ್ತಿದ್ದೇನೆ. ನನ್ನ ಮನಸ್ಸಿಗೆ ಏನಾದರೂ ಆಗಿದೆಯಾ? ಆ ಚಿತ್ರವನ್ನು ಮತ್ತೆ ನೋಡಬಹುದಾ, ಅಥವಾ ದೂರ ಇರಬೇಕಾ?

ಉತ್ತರ: ನಿಮ್ಮ ಪತ್ರ ಉದ್ದವಾಗಿತ್ತು, ಇಲ್ಲಿ ಅದರ ಸಾರವನ್ನು ಮಾತ್ರ ಕೊಟ್ಟಿದ್ದೇನೆ. ಅದನ್ನು ಎರಡು ಸಲ ಓದಿದೆ. ನಿಮ್ಮ ಭಯ ಅಳು ಬಂದದ್ದರ ಬಗ್ಗೆ ಅಷ್ಟಾಗಿ ಇಲ್ಲ ಅಂತ ನನಗನ್ನಿಸಿತು. ಅಳು ಬರಬೇಕಾದ ಕಡೆ ಬಾರದೆ, ಬರಬಾರದ ಕಡೆ ಬಂತಲ್ಲ ಅನ್ನುವುದು ನಿಮ್ಮನ್ನು ಕೊರೆಯುತ್ತಿದೆ. ಅಪ್ಪನಿಗೆ ಸಲ್ಲಬೇಕಾದ್ದನ್ನು ಯಾವುದೋ ಲೋಹದ ಸೂಟಿನವನಿಗೆ ಕೊಟ್ಟುಬಿಟ್ಟೆ ಅನ್ನುವ ಹಾಗೆ. ಅಲ್ವಾ?

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಕಾಯಿಲೆಯ ಲಕ್ಷಣ ನನಗೆ ಕಾಣಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಹೆಚ್ಚಿನ ಪಾಲು ಮನೆಯವರನ್ನು ಕಳೆದುಕೊಂಡವರ ಜೊತೆ. ‘ಸಾವಿನ ಮನೆಯಲ್ಲಿ ಅಳಲಿಲ್ಲ, ಎಲ್ಲೋ ಏನೋ ನೋಡಿ ಅತ್ತುಬಿಟ್ಟೆ’ ಅನ್ನುವ ಮಾತನ್ನು ನಾನು ಕೇಳದ ತಿಂಗಳಿಲ್ಲ. ಒಬ್ಬರಿಗೆ ಜಾಹೀರಾತು, ಒಬ್ಬರಿಗೆ ಕಾರ್ಟೂನ್, ಇನ್ನೊಬ್ಬರಿಗೆ ಹಳೇ ಕ್ಯಾಲೆಂಡರಿನ ಒಂದು ಚಿತ್ರ. ಹೇಳುವಾಗ ಎಲ್ಲರೂ ತಲೆ ತಗ್ಗಿಸುತ್ತಾರೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಂಗತಿ ಇದೆ. ಅಪ್ಪನ ವಿಷಯ ಬಂದದ್ದು ಕೊನೆಯಲ್ಲಿ. ಆದರೆ ಸಿನಿಮಾದಲ್ಲಿ ನಿಮ್ಮನ್ನು ಅಳಿಸಿದ್ದು ಯುದ್ಧವಲ್ಲ, ಐರನ್ ಮ್ಯಾನ್ ಸಾಯುವ ಕ್ಷಣವೂ ಅಲ್ಲ. ಒಬ್ಬ ಅಪ್ಪ ತಾನು ಸಾಯುವ ಮೊದಲೇ ಮಗಳಿಗೆ ಹೇಳಬೇಕಾದ್ದನ್ನು ಹೇಳಿಟ್ಟು ಹೋದ ದೃಶ್ಯ ಅದು. ಪುಸ್ತಕದಲ್ಲಿ ನಿಮ್ಮ ಕೈ ಕಟ್ಟಿಹಾಕಿದ ಚಿತ್ರದಲ್ಲೂ ಒಬ್ಬ ಅಪ್ಪನೇ ಇದ್ದಾನೆ. ಎರಡೂ ಕಡೆ ಇರುವುದು ತಂದೆ ಮತ್ತು ಮಕ್ಕಳು. ನಿಮ್ಮ ಅಪ್ಪ ಕೊನೆಯ ಆರು ದಿನ ಮಾತಾಡಲಿಲ್ಲ. ನಿಮ್ಮ ಮಗಳು ಇದನ್ನು ಆ ದಿನವೇ ಕಂಡುಕೊಂಡಿದ್ದಳು ಅಂತ ಕಾಣುತ್ತದೆ.

ಇದೇ ಕಾರಣ ಅಂತ ನಾನು ಇಲ್ಲಿ ಕೂತು ಖಚಿತವಾಗಿ ಹೇಳಲಾರೆ. ಅದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಯಾವ ಅಳುವಿನ ಹಿಂದೆಯೂ ಒಂದು ಹಳೇ ಗಾಯ ಇದ್ದೇ ಇರುತ್ತದೆ ಅನ್ನುವುದನ್ನೂ ನಾನು ನಂಬುವುದಿಲ್ಲ. ಒಳ್ಳೆಯ ಸಿನಿಮಾ, ಒಳ್ಳೆಯ ಚಿತ್ರ ಯಾವ ಗಾಯವೂ ಇಲ್ಲದವರನ್ನೂ ಅಳಿಸಬಲ್ಲದು. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ತಮ್ಮ ಹೇಳಿದ ಹೆಸರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದೇ ನಿಮಗೆ ನಿದ್ದೆ ಕೆಡಿಸಿದ ಹಾಗಿದೆ. ಸ್ಟೆಂಡಾಲ್ ಅನ್ನುವುದು ಒಬ್ಬ ಫ್ರೆಂಚ್ ಲೇಖಕನ ಕಾವ್ಯನಾಮ. ಅವನು ತನ್ನ ಪ್ರವಾಸ ಬರಹದಲ್ಲಿ, ಇಟಲಿಯ ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನ ಚಿತ್ರಗಳನ್ನು ನೋಡಿ ಹೊರಬಂದಾಗ ಎದೆ ಬಡಿತ ಜೋರಾಯಿತು, ನಡೆದರೆ ಬಿದ್ದೇನೋ ಅನ್ನಿಸಿತು ಅಂತ ಬರೆದ. ಅದೇ ಊರಿನ ಮನೋವೈದ್ಯೆ ಗ್ರಾಜಿಯೆಲ್ಲಾ ಮಗೆರೀನಿ 1979ರಲ್ಲಿ ಈ ಸ್ಥಿತಿಗೆ ಅವನ ಹೆಸರಿಟ್ಟರು. ಅವರು ನೋಡಿದ ನೂರಕ್ಕೂ ಹೆಚ್ಚು ರೋಗಿಗಳು ಪ್ರವಾಸಿಗರು. ತಲೆಸುತ್ತು, ಗೊಂದಲ, ಭ್ರಮೆ, ತೀವ್ರ ಆತಂಕ ಅಂತ ಆಸ್ಪತ್ರೆಗೆ ಬಂದವರು. ಮನೆಯಿಂದ ದೂರ, ದಣಿದ ಮೈ, ದಿನವಿಡೀ ನಿಂತು ಒಂದಾದ ಮೇಲೊಂದು ಮಹಾಕೃತಿ ನೋಡುವ ಓಟ ಬೇರೆ. ರೋಗ ಗುರುತಿಸಲು ವೈದ್ಯರು ಇಂದು ಬಳಸುವ ಪ್ರಮಾಣಿತ ಕೈಪಿಡಿಗಳಲ್ಲಿ ಇಂಥ ಹೆಸರಿನ ರೋಗವೇ ಇಲ್ಲ. ನೀವು ಮನೆಯಲ್ಲಿ ಕೂತು ಪುಸ್ತಕ ನೋಡುತ್ತಿದ್ದಿರಿ, ಸ್ವಲ್ಪ ಹೊತ್ತಿಗೆ ಸರಿಹೋದಿರಿ, ಸಂಜೆ ಅಡುಗೆ ಮಾಡಿದೆ ಅಂತಲೂ ಬರೆದಿದ್ದೀರಿ. ಇದಕ್ಕೂ ಅದಕ್ಕೂ ದೂರ ಇದೆ.

ನಿಮಗಾದದ್ದಕ್ಕೆ ನಮ್ಮಲ್ಲೇ ಇದಕ್ಕಿಂತ ಹಳೆಯ, ಇದಕ್ಕಿಂತ ಮೆತ್ತನೆಯ ಹೆಸರುಗಳಿವೆ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಪಟ್ಟಿ ಮಾಡುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಅಂದರೆ ಮೈ ಮರಗಟ್ಟುವುದು, ಬೆವರುವುದು, ಕೂದಲು ನಿಮಿರುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಮನಸ್ಸು ತುಂಬಿ ಬಂದಾಗ ಮೈ ತಾನಾಗಿ ತೋರುವ ಗುರುತುಗಳು ಇವು. ಪುಟ ತಿರುಗಿಸೋಕೆ ಕೈ ಬರಲಿಲ್ಲ ಅಂದಿರಲ್ಲ, ಅದು ಸ್ತಂಭ. ಜುಮ್ಮೆಂದದ್ದು ರೋಮಾಂಚ. ಸಿನಿಮಾದ ದಿನ ಬಂದದ್ದು ಅಶ್ರು. ಅಷ್ಟು ಹಿಂದೆಯೇ ಯಾರೋ ಇದನ್ನೆಲ್ಲ ಗಮನಿಸಿ, ಕಾಯಿಲೆ ಅನ್ನದೆ ಬರೆದಿಟ್ಟಿದ್ದಾರೆ ಅನ್ನುವುದು ನನಗೆ ಯಾವತ್ತೂ ಸಮಾಧಾನ ಕೊಡುವ ವಿಷಯ.

ಚಿತ್ರ ನೋಡಿ ಅತ್ತವರ ಕಥೆಯೂ ನಮಗೆ ಹೊಸದಲ್ಲ. ಎಂಟನೇ ಶತಮಾನದ ಭವಭೂತಿಯ ‘ಉತ್ತರರಾಮಚರಿತ’ ನಾಟಕದ ಮೊದಲ ಅಂಕದ ಬಹುಭಾಗ ಇದೇ. ಯುದ್ಧ, ವನವಾಸ ಎಲ್ಲ ಮುಗಿದು ಅರಮನೆಗೆ ಬಂದ ಮೇಲೆ ಲಕ್ಷ್ಮಣ ಅಣ್ಣ ಅತ್ತಿಗೆಗೆ ಅವರದೇ ಜೀವನದ ಚಿತ್ರಗಳನ್ನು ತೋರಿಸುತ್ತಾನೆ. ಶೂರ್ಪನಖಿಯ ಚಿತ್ರ ಬಂದಾಗ ಸೀತೆ ಬೆಚ್ಚುತ್ತಾಳೆ. ಇದು ಬರೀ ಚಿತ್ರ ಅಂತ ರಾಮ ಸಮಾಧಾನ ಮಾಡುತ್ತಾನೆ. ಆಮೇಲೆ ಸೀತೆ ಕಳೆದುಹೋದ ದಿನಗಳ ಚಿತ್ರ ಬರುತ್ತದೆ. ಹಾಗೆ ಸಮಾಧಾನ ಹೇಳಿದ ರಾಮನ ಕಣ್ಣಿಂದಲೇ ಹರಿದ ಮುತ್ತಿನ ಹಾರದ ಹಾಗೆ ಹನಿಗಳು ಉದುರುತ್ತವೆ. ಸೀತೆ ಪಕ್ಕದಲ್ಲೇ ಕೂತಿದ್ದಾಳೆ! ಕಳೆದುಕೊಂಡವಳು ಸಿಕ್ಕಾಗಿದೆ, ಆದರೂ ಚಿತ್ರ ಅಳಿಸುತ್ತದೆ. ಯುದ್ಧದ ನಡುವೆ ಓಡುತ್ತಿದ್ದವನಿಗೆ ಆಗ ಕೂತು ಅಳುವ ಹೊತ್ತೆಲ್ಲಿತ್ತು? ಈ ಭಾಗವನ್ನು ಓದುವಾಗಲೆಲ್ಲ ನನ್ನ ಮುಂದೆ ಕೂತು ಮಾತಾಡಿದ ಎಷ್ಟೋ ಜನ ಕಣ್ಣ ಮುಂದೆ ಬರುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ಅಪ್ಪ ಐಸಿಯುನಲ್ಲಿದ್ದ ಆರು ದಿನ ನೀವೇನು ಮಾಡುತ್ತಿದ್ದಿರಿ ಅಂತ ಪತ್ರದಲ್ಲಿ ಬರೆದಿದ್ದೀರಿ. ಔಷಧಿ ಚೀಟಿ, ವಿಮೆಯ ಕಾಗದ, ಸಹಿ, ಅಮ್ಮನಿಗೆ ಊಟ ಮಾಡಿಸುವುದು, ಊರಲ್ಲಿರುವವರಿಗೆ ಫೋನ್. ತಮ್ಮ ಬಂದು ತಲುಪುವವರೆಗೆ ಎಲ್ಲವೂ ನೀವೇ. ಇಂಥ ಹೊತ್ತಿನಲ್ಲಿ ಮೈ ಎಚ್ಚರಿಕೆಯ ಸ್ಥಿತಿಯಲ್ಲಿರುತ್ತದೆ. ಹೃದಯ, ಉಸಿರು, ಗಮನ ಎಲ್ಲವೂ ‘ಮುಂದೇನು’ ಅನ್ನುವುದರ ಮೇಲೆ. ಅಳು ಸಾಮಾನ್ಯವಾಗಿ ಬರುವುದು ಆ ಬಿಗಿ ಸಡಿಲವಾದ ಮೇಲೆ, ಇನ್ನು ಅಪಾಯವಿಲ್ಲ ಅಂತ ಮೈಗೆ ಅನ್ನಿಸಿದಾಗ. ಕಳೆದುಹೋದ ಮಗು ಹುಡುಕಾಟದಲ್ಲಿ ಅಳದೆ ಇದ್ದು, ಅಮ್ಮ ಕಂಡ ತಕ್ಷಣ ಜೋರಾಗಿ ಅಳುವುದನ್ನು ನೋಡಿರುತ್ತೀರಿ. ಅದೂ ಇದೇ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಅಳದ ಅಳು ಒಳಗೆ ತೊಟ್ಟಿಯಲ್ಲಿ ನೀರಿನ ಹಾಗೆ ತುಂಬಿಕೊಂಡು ಹೋಗುತ್ತದೆ, ಒಂದು ದಿನ ಒಡೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ದುಃಖ ಹಾಗೆ ಕೆಲಸ ಮಾಡುವುದಿಲ್ಲ. ಸಾವಿನ ನಂತರ ಹೆಚ್ಚು ಅಳದ, ಆದರೂ ಚೆನ್ನಾಗಿಯೇ ಇರುವ ಜನ ಬಹಳ ಇದ್ದಾರೆ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಬೊನಾನೊ ಅವರು ದಶಕಗಳಿಂದ ಇದನ್ನೇ ಅಧ್ಯಯನ ಮಾಡಿ ತೋರಿಸಿದ್ದಾರೆ. ಹಾಗಾಗಿ ನಾಲ್ಕು ವರ್ಷ ನೀವು ಏನನ್ನೋ ಅದುಮಿಟ್ಟುಕೊಂಡಿದ್ದಿರಿ ಅಂತ ನಾನು ಹೇಳುವುದಿಲ್ಲ. ಅಪ್ಪನನ್ನು ಪ್ರೀತಿಸಲಿಲ್ಲ ಅನ್ನುವುದಂತೂ ಇಲ್ಲವೇ ಇಲ್ಲ. ಸಾವಿನ ಮನೆಯ ಕಣ್ಣೀರು ಪ್ರೀತಿಯ ಅಳತೆಗೋಲಲ್ಲ. ನಿಮ್ಮ ನೆನಪಿಗೆ ಒಂದು ಬಾಗಿಲು ಬೇಕಿತ್ತು, ಆ ದೃಶ್ಯ ಬಾಗಿಲಾಯಿತು. ಅಷ್ಟೇ ಅಂತ ನನಗನ್ನಿಸುತ್ತದೆ.

ಆ ಬಾಗಿಲು ಸೂಪರ್‌ಹೀರೋ ಸಿನಿಮಾ ಯಾಕಾಯಿತು? ಯಜಮಾನರ ಪ್ರಶ್ನೆಯೂ ಇದೇ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲ, ಆದರೆ ನಾನು ಒಪ್ಪುವುದಿಲ್ಲ. ಚಿತ್ರಕ್ಕೆ ಅತ್ತರೆ ದೊಡ್ಡ ಮನಸ್ಸು, ಸಿನಿಮಾಕ್ಕೆ ಅತ್ತರೆ ಹುಡುಗಾಟ ಅನ್ನುವ ಲೆಕ್ಕ ಕಣ್ಣೀರಿಗೆ ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಆ ಪಾತ್ರದ ಮೊದಲ ಸಿನಿಮಾ ಬಂದದ್ದು 2008ರಲ್ಲಿ. ‘ಎಂಡ್‌ಗೇಮ್’ 2019ರದ್ದು, ಆ ಸರಣಿಯ 22ನೇ ಸಿನಿಮಾ. ಹನ್ನೊಂದು ವರ್ಷ ಒಬ್ಬನೇ ನಟ, ರಾಬರ್ಟ್ ಡೌನಿ ಜೂನಿಯರ್, ಅದೇ ಪಾತ್ರ ಮಾಡಿದ. ಅವನ ಮುಖದ ಮೇಲೆ ವಯಸ್ಸಾದದ್ದನ್ನು ನೀವು ನೋಡಿದ್ದೀರಿ. ತೆರೆಯ ಮೇಲಿನವರ ಜೊತೆ ನಮಗೆ ಬೆಳೆಯುವ ಈ ಒಂದೇ ಕಡೆಯ ಬಾಂಧವ್ಯದ ಬಗ್ಗೆ ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದರು. ಅವನಿಗೆ ನಾವು ಗೊತ್ತಿಲ್ಲ, ನಮಗೆ ಅವನು ಗೊತ್ತು. ಇದು ಬುದ್ಧಿ ಕಮ್ಮಿ ಇರುವವರಿಗೆ ಆಗುವುದಲ್ಲ, ಮುಖ ಕಂಡರೆ ಹಚ್ಚಿಕೊಳ್ಳುವ ಎಲ್ಲರಿಗೂ ಆಗುತ್ತದೆ. ನಿಮಗೆ ಇನ್ನೊಂದೂ ಸೇರಿದೆ. ಅಷ್ಟೂ ಸಿನಿಮಾಗಳನ್ನು ನೀವು ಮಗಳ ಪಕ್ಕ ಕೂತು ನೋಡಿದ್ದು. ಅವಳು ಬೆಳೆದ ವರ್ಷಗಳೂ ಅದರಲ್ಲಿವೆ.

ಆಮೇಲೆ ಸಿನಿಮಾದ ಕಸುಬು. 181 ನಿಮಿಷ, ಅಂದರೆ ಮೂರು ಗಂಟೆಗೆ ಒಂದು ನಿಮಿಷ ಜಾಸ್ತಿ. ಅಷ್ಟು ಹೊತ್ತು ಸದ್ದು, ಹೋರಾಟ, ವೀರರಸ. ನಂತರ ತಟ್ಟನೆ ಎಲ್ಲ ತಣ್ಣಗಾಗುತ್ತದೆ, ಒಂದು ಮನೆ, ಕೂತ ಜನ, ಸತ್ತವನ ದನಿ. ಮೈಯ ಬಿಗಿ ಸಡಿಲವಾಗುವ ಆ ಹೊತ್ತಿಗೆ ಸರಿಯಾಗಿ ಕರುಣೆಯನ್ನು ಇಟ್ಟಿದ್ದಾರೆ. ಜೊತೆಗೆ ಸಂಗೀತ ಇದೆ, ಹತ್ತಿರದಿಂದ ತೋರಿಸುವ ಮುಖಗಳಿವೆ. ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅನ್ನುವುದೂ ನಮ್ಮ ಕೈಯಲ್ಲಿಲ್ಲ. ಇದು ಮೋಸವಲ್ಲ, ಕುಶಲತೆ. ಒಳ್ಳೆಯ ಹಾಡುಗಾರ ಎಲ್ಲಿ ನಿಲ್ಲಿಸಬೇಕು ಅಂತ ತಿಳಿದಿರುವ ಹಾಗೆ.

ಸೂಪರ್‌ಹೀರೋ ಕಥೆಗೆ ಇನ್ನೊಂದು ಗುಣವಿದೆ, ನನ್ನ ಕೆಲಸದಲ್ಲಿ ನಾನು ಪದೇ ಪದೇ ಕಂಡದ್ದು. ಅದು ನಮ್ಮ ಜೀವನದಿಂದ ದೂರ ಇದೆ. ಆಸ್ಪತ್ರೆಯ ಹಾಸಿಗೆ, ಟ್ಯೂಬ್, ಬಿಳಿ ಪರದೆ ತೋರಿಸುವ ಸಿನಿಮಾ ಆಗಿದ್ದರೆ ನೀವು ಮೊದಲ ಹತ್ತು ನಿಮಿಷಕ್ಕೇ ಮನಸ್ಸನ್ನು ಗಟ್ಟಿ ಮಾಡಿಕೊಂಡುಬಿಡುತ್ತಿದ್ದಿರಿ. ಹಾರುವ ಸೂಟು, ಬಾಹ್ಯಾಕಾಶದ ಹಡಗು ಕಂಡಾಗ ಯಾರೂ ಮನಸ್ಸಿನ ಬಾಗಿಲಿಗೆ ಅಗುಳಿ ಹಾಕುವುದಿಲ್ಲ. ‘ಇದು ನನ್ನ ಕಥೆ ಅಲ್ಲ’ ಅಂತ ನಿರಾಳವಾಗಿ ಕೂತಿರುವಾಗ ನಮ್ಮದೇ ಕಥೆ ಒಳಗೆ ಬಂದುಬಿಡುತ್ತದೆ. ಕಾವ್ಯಮೀಮಾಂಸೆಯಲ್ಲಿ ಸಾಧಾರಣೀಕರಣ ಅನ್ನುತ್ತಾರಲ್ಲ, ಆ ಮಾತು ಇದಕ್ಕೆ ಹತ್ತಿರ. ದುಃಖ ಅವನದ್ದೂ ಅಲ್ಲ, ನನ್ನದೂ ಅಲ್ಲ, ಎಲ್ಲರದ್ದೂ ಆಗುತ್ತದೆ. ಹಾಗಾದಾಗ ಅದನ್ನು ಮುಟ್ಟಲು ಧೈರ್ಯ ಬರುತ್ತದೆ.

ಚಿತ್ರದ ದಾರಿ ಬೇರೆ. ಅದಕ್ಕೆ ಸಂಗೀತವಿಲ್ಲ, ಕಥೆ ಹೇಳುವ ದನಿಯಿಲ್ಲ. ನಾವು ನಿಂತರೆ ಉಂಟು, ಮುಂದೆ ಹೋದರೆ ಇಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದು 2001ರಲ್ಲಿ ಪ್ರಕಟಿಸಿದ್ದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ನೋಟಗಳು 17 ಸೆಕೆಂಡಿಗಿಂತ ಕಮ್ಮಿ. ನೀವು ಕಾಫಿ ಆರಿಹೋಗುವಷ್ಟು ಹೊತ್ತು ಆ ಪುಟದ ಮುಂದೆ ಕೂತಿದ್ದಿರಿ.

ಆ ಚಿತ್ರ ನನಗೂ ಬಹಳ ಹತ್ತಿರದ್ದು, ಸ್ವಲ್ಪ ಹೇಳಲು ಬಿಡಿ. ಬೈಬಲ್ಲಿನ ದುಂದುಗಾರ ಮಗನ ಕಥೆ ಅದು. ಆಸ್ತಿಯಲ್ಲಿ ತನ್ನ ಪಾಲು ತೆಗೆದುಕೊಂಡು ಹೋದ ಕಿರಿಮಗ ಎಲ್ಲ ಕಳೆದುಕೊಂಡು ಮರಳಿದ್ದಾನೆ. ರೆಂಬ್ರಾಂಟ್ ಇದನ್ನು ಬರೆದದ್ದು 1668-69ರ ಸುಮಾರಿಗೆ, ಜೀವನದ ಕೊನೆಯಲ್ಲಿ. 1669ರ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ. ಅದರ ಹಿಂದಿನ ವರ್ಷ ಅವನ ಮಗ ಟೈಟಸ್ ಸತ್ತಿದ್ದ. ಮೂಲ ಚಿತ್ರ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ, ಎರಡೂವರೆ ಮೀಟರಿಗಿಂತ ಎತ್ತರ.

ಮಗನ ಮುಖ ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಬೋಳಿಸಿದ ತಲೆಯನ್ನು ಅಪ್ಪನ ಎದೆಗೆ ಒತ್ತಿಕೊಂಡಿದ್ದಾನೆ. ನಮ್ಮ ಕಡೆ ಇರುವುದು ಅವನ ಬೆನ್ನು, ಅವನ ಪಾದ. ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿದೆ, ಬರಿಗಾಲಿನ ಅಂಗಾಲು ನಮ್ಮತ್ತ ತಿರುಗಿದೆ. ಬಲಗಾಲಿನಲ್ಲಿ ಸವೆದು ಹರಿದ ಚಪ್ಪಲಿ. ಎಷ್ಟು ದೂರ ನಡೆದು ಬಂದ ಅಂತ ಆ ಅಂಗಾಲೇ ಹೇಳುತ್ತದೆ. ಅಪ್ಪ ಬಾಗಿದ್ದಾನೆ, ಕಣ್ಣು ಮಂಜಾದ ಮುದುಕ. ಅವನ ಎರಡೂ ಕೈ ಮಗನ ಬೆನ್ನ ಮೇಲಿವೆ. ಆ ಕೈಗಳು ಒಂದೇ ಥರ ಇಲ್ಲ. ಎಡಗೈ ಅಗಲ, ಗಟ್ಟಿ, ಬೆರಳು ಬಿಡಿಸಿ ಹಿಡಿದುಕೊಂಡಿದೆ. ಬಲಗೈ ಮೆತ್ತಗೆ, ಸುಮ್ನೆ ಇಟ್ಟ ಹಾಗಿದೆ. ಒಂದು ಹಿಡಿಯುತ್ತದೆ, ಒಂದು ಸವರುತ್ತದೆ. ಬಲಬದಿಯಲ್ಲಿ ಒಬ್ಬ ನೆಟ್ಟಗೆ ನಿಂತು ನೋಡುತ್ತಿದ್ದಾನೆ, ಅವನೇ ಹಿರಿಯ ಮಗ ಅನ್ನುತ್ತಾರೆ. ಮನೆಯಲ್ಲೇ ಉಳಿದು ಎಲ್ಲ ಕೆಲಸ ಮಾಡಿದವನು. ಅವನನ್ನು ಯಾರೂ ತಬ್ಬಿಕೊಂಡಿಲ್ಲ.

ಮುಖ ಮುಚ್ಚಿಟ್ಟ ಕಾರಣಕ್ಕೆ ಆ ಜಾಗ ಖಾಲಿ ಇದೆ. ನೋಡುವ ಯಾರು ಬೇಕಾದರೂ ಅಲ್ಲಿ ಮಂಡಿಯೂರಬಹುದು. ನೀವು ಯಾರ ಜಾಗದಲ್ಲಿದ್ದಿರಿ ಅಂತ ನನಗೆ ಗೊತ್ತಿಲ್ಲ. ಮಂಡಿಯೂರಿದವನ ಜಾಗದಲ್ಲಿರಬಹುದು. ಆಸ್ಪತ್ರೆಯ ಓಡಾಟವೆಲ್ಲ ಮಾಡಿ, ದೂರದಿಂದ ಬಂದ ತಮ್ಮ ಜೋರಾಗಿ ಅಳುವುದನ್ನು ನಿಂತು ನೋಡಿದವರೂ ನೀವೇ ಅಂತ ಪತ್ರದಲ್ಲಿದೆ. ಆ ನಿಂತವನನ್ನೂ ಒಮ್ಮೆ ನೋಡಿ.

ಮಿದುಳಿನ ಕಡೆಯಿಂದಲೂ ಒಂದು ಮಾತು. 2012ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು 16 ಜನರಿಗೆ 109 ಕಲಾಕೃತಿಗಳ ಚಿತ್ರ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿತು. ಯಾವುದು ಮನ ಕಲಕಿತು ಅನ್ನುವುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಹೊಂದಿಕೆ ಬಹಳ ಕಮ್ಮಿ ಇತ್ತು. ನಾವು ನಮ್ಮ ಬಗ್ಗೆಯೇ ಯೋಚಿಸುವಾಗ, ಹಳೆಯದನ್ನು ನೆನೆಯುವಾಗ ಮಿದುಳಿನ ಕೆಲವು ಭಾಗಗಳು ಚುರುಕಾಗುತ್ತವೆ. ಚಿತ್ರ ಚೆನ್ನಾಗಿದೆ ಅನ್ನಿಸಿದಾಗೆಲ್ಲ ಅವು ಹಾಗಾಗಲಿಲ್ಲ. ತೀರಾ ತಟ್ಟಿದ ಚಿತ್ರಗಳಿಗೆ ಮಾತ್ರ ಎದ್ದುಕೂತವು. ನಿಮ್ಮ ಯಜಮಾನರಿಗೆ ಅದೇ ಪುಟ ತೋರಿಸಿದರೆ ‘ಚೆನ್ನಾಗಿದೆ’ ಅಂದು ಮುಂದೆ ಹೋಗಬಹುದು, ಅದರಲ್ಲೂ ತಪ್ಪಿಲ್ಲ.

ಅತ್ತರೆ ಹಗುರಾಗುತ್ತದೆ ಅನ್ನುವ ಮಾತನ್ನೂ ನೋಡಿಬಿಡೋಣ. ಕಣ್ಣೀರಿನಲ್ಲಿ ವಿಷ ಹೊರಗೆ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅತ್ತ ತಕ್ಷಣ ಹಗುರಾಗುವುದೂ ಕಡ್ಡಾಯವಲ್ಲ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಜನರಿಗೆ ಮನ ಕಲಕುವ ಸಿನಿಮಾ ತೋರಿಸಿ ನೋಡಿದರು. ಅತ್ತವರ ಮನಸ್ಸು ಮೊದಲು ಇನ್ನಷ್ಟು ಕುಗ್ಗಿತು. 20 ನಿಮಿಷಕ್ಕೆ ಮೊದಲಿನಂತಾಯಿತು. 90 ನಿಮಿಷದ ಹೊತ್ತಿಗೆ ಸಿನಿಮಾ ನೋಡುವ ಮುಂಚೆ ಇದ್ದದ್ದಕ್ಕಿಂತ ಸ್ವಲ್ಪ ಮೇಲಿತ್ತು. ಆ ರಾತ್ರಿ ‘ಅತ್ತು ಇನ್ನೂ ಕೆಟ್ಟದಾಯಿತು’ ಅಂತ ನೀವು ಬರೆದಿದ್ದೀರಿ. ಅದು ಆ ಮೊದಲ ಇಳಿತ ಇರಬಹುದು. ಮಗಳ ಎದುರು ಅತ್ತೆನಲ್ಲ ಅನ್ನುವ ಮುಜುಗರವೂ ಸೇರಿರುತ್ತದೆ.

ಇನ್ನು ಏನು ಮಾಡಬಹುದು. ಏನೂ ಮಾಡದಿರುವುದೂ ಒಂದು ದಾರಿ, ಅದನ್ನು ಹಗುರವಾಗಿ ಹೇಳುತ್ತಿಲ್ಲ. ಬಂತು, ಹೋಯಿತು, ಅಪ್ಪ ನೆನಪಾದರು ಅಂತ ಬಿಟ್ಟುಬಿಡಬಹುದು. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಆದರೆ ನೀವು ಇಷ್ಟು ಉದ್ದ ಪತ್ರ ಬರೆದಿದ್ದೀರಿ. ಹಾಗಾಗಿ ನಿಮಗೆ ಸಾಕಾಗಲಾರದು ಅಂದುಕೊಳ್ಳುತ್ತೇನೆ.

ಚಿತ್ರವನ್ನು ಮತ್ತೆ ನೋಡಬಹುದು. ದೂರ ಇರಬೇಕಾಗಿಲ್ಲ. ದೂರ ಇಟ್ಟಷ್ಟೂ ಅದು ಮನಸ್ಸಿನಲ್ಲಿ ದೊಡ್ಡದಾಗುತ್ತದೆ. ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿರುವಾಗ, ಅರ್ಧ ಗಂಟೆ ಬಿಡುವಿದ್ದಾಗ ಕೂತು ನೋಡಿ. ಪಾದದಿಂದ ಶುರು ಮಾಡಿ, ನಿಧಾನಕ್ಕೆ ಮೇಲೆ ಬನ್ನಿ, ಕೈಗಳ ಹತ್ತಿರ ಕೊನೆಗೆ. ಎದೆ ಬಡಿತ ಜೋರಾದರೆ ಕಣ್ಣನ್ನು ಪುಟದ ಅಂಚಿಗೆ ತಂದು, ಉಸಿರನ್ನು ನಿಧಾನ ಬಿಡಿ. ಈ ದಾರಿಯಲ್ಲಿ ಒಂದು ನಿರಾಸೆ ಇದೆ. ಎರಡನೇ ಸಲ ಏನೂ ಆಗದೇ ಇರಬಹುದು. ಅದು ಚಿತ್ರದ ತಪ್ಪೂ ಅಲ್ಲ, ನಿಮ್ಮದೂ ಅಲ್ಲ.

ಸಿನಿಮಾದ ಆ ದೃಶ್ಯವನ್ನು ಮಾತ್ರ ಮೊಬೈಲ್‌ನಲ್ಲಿ ತೆಗೆದು ರಾತ್ರಿ ರಾತ್ರಿ ನೋಡಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಒಬ್ಬರು ಹಾಗೇ ತಿಂಗಳುಗಟ್ಟಲೆ ಒಂದೇ ತುಣುಕು ನೋಡಿ ಅಳುತ್ತಿದ್ದರು. ಮೊದಮೊದಲು ಸಮಾಧಾನ ಸಿಕ್ಕಿತು, ಆಮೇಲೆ ಅದೇ ಚಟವಾಗಿ ನಿದ್ದೆ ಹೋಯಿತು, ತಾಯಿಯ ನಿಜವಾದ ನೆನಪುಗಳ ಜಾಗದಲ್ಲಿ ಆ ತುಣುಕೇ ಬಂದು ಕೂತಿತ್ತು. ಅಲ್ಲಿಂದ ಹೊರಬರಲು ಅವರಿಗೆ ಬಹಳ ಕಷ್ಟವಾಯಿತು.

ಮೂರನೆಯದು ಅಪ್ಪನಿಗೆ ಬರೆಯುವುದು. ಅವರು ಮಾತಾಡದೆ ಹೋದರು. ಅವರು ಏನು ಹೇಳುತ್ತಿದ್ದರು ಅಂತ ಊಹಿಸಿ ಬರೆಯಲು ಕೆಲವರು ಹೇಳುತ್ತಾರೆ. ನಾನು ಅದನ್ನು ಮೊದಲೇ ಹೇಳುವುದಿಲ್ಲ. ಸತ್ತವರ ಬಾಯಲ್ಲಿ ಮಾತು ಇಡುವುದು ಎಲ್ಲರಿಗೂ ಹಿಡಿಸುವುದಿಲ್ಲ. ಕೆಲವೊಮ್ಮೆ ಬೈಗುಳವೇ ಬಂದುಬಿಡುತ್ತದೆ. ಬದಲಿಗೆ ಆ ಆರು ದಿನ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಯಾವ ಕುರ್ಚಿ, ಯಾವ ಬಾಗಿಲು, ಅವರ ಕೈ ಹೇಗಿತ್ತು. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಬರೆಯುತ್ತಾ ‘ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ’ ಅನ್ನುವ ಯೋಚನೆ ಗಿರಕಿ ಹೊಡೆಯಲು ಶುರುವಾದರೆ ನಿಲ್ಲಿಸಿ, ಯಾರ ಜೊತೆಗಾದರೂ ಕೂತು ಮಾತಾಡಿ. ತಪ್ಪಿತಸ್ಥ ಭಾವವನ್ನು ಒಬ್ಬರೇ ಕೂತು ಬಿಡಿಸುವುದು ಕಷ್ಟ.

ತಮ್ಮನ ಜೊತೆ ಮಾತಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅವನು ಕಾಯಿಲೆಯ ಹೆಸರು ಹುಡುಕಿದ್ದು ಅಕ್ಕನ ಬಗ್ಗೆ ಹೆದರಿಕೆಯಿಂದ. ಅಪ್ಪ ಅವನಿಗೂ ಅಪ್ಪನೇ.

ಯಾವಾಗ ತಜ್ಞರ ಹತ್ತಿರ ಹೋಗಬೇಕು ಅಂತ ಕೇಳಿದ್ದೀರಿ. ಅಗಲಿದವರ ಹಂಬಲ ದಿನಾ ಕಾಡುತ್ತಿದ್ದರೆ, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುತ್ತಿದ್ದರೆ, ಕೆಲಸ, ಊಟ, ಮಾತು ಯಾವುದೂ ಸಾಗದಿದ್ದರೆ, ಅದು ವರ್ಷ ಕಳೆದರೂ ಇಳಿಯದಿದ್ದರೆ ಅದಕ್ಕೆ ದೀರ್ಘಕಾಲದ ಶೋಕ ಅಂತ ಪ್ರತ್ಯೇಕ ಗುರುತಿದೆ. ಅಮೆರಿಕದ ಮನೋವೈದ್ಯಕೀಯ ಕೈಪಿಡಿ 2022ರಲ್ಲಿ ಅದನ್ನು ಸೇರಿಸಿತು. ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಸಾಯಬೇಕು, ಅವರ ಹತ್ತಿರ ಹೋಗಬೇಕು ಅನ್ನುವ ಯೋಚನೆ ಬಂದರೆ ವರ್ಷ ಕಾಯುವುದಲ್ಲ, ಆ ದಿನವೇ ಮನೆಯವರಿಗೆ ಹೇಳಿ ವೈದ್ಯರನ್ನು ಕಾಣಬೇಕು. ಇನ್ನು ದುಃಖವೇ ಇಲ್ಲದೆ ಅಳು, ನಗು ಉಕ್ಕಿ ಬಂದು ನಿಲ್ಲದೇ ಇದ್ದರೆ ಅದು ನರವೈದ್ಯರು ನೋಡಬೇಕಾದ ವಿಷಯ. ತಲೆಸುತ್ತು ಚಿತ್ರ ನೋಡದಾಗಲೂ ಬರುತ್ತಿದ್ದರೆ ಬಿಪಿ, ರಕ್ತಹೀನತೆ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ಉಳಿದದ್ದು ಮಗಳು. ಅವಳು ಸಿನಿಮಾ ನಿಲ್ಲಿಸಿದವಳು ಮತ್ತೆ ಹಾಕಲಿಲ್ಲ, ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ ಅಂತ ಬರೆದಿದ್ದೀರಿ. ಹದಿನೈದು ವರ್ಷದ ಹುಡುಗಿ, ತಾತ ಹೋದಾಗ ಅವಳಿಗೆ ಹನ್ನೊಂದು. ಆಗ ಅವಳೂ ನಿಮ್ಮ ಮುಖ ನೋಡಿಕೊಂಡು ಸುಮ್ಮನಿದ್ದಿರಬಹುದು. ನಿಮ್ಮ ಅಳು ಅವಳಿಗೆ ಹೊರೆಯಾಗುತ್ತದೆ ಅನ್ನುವ ಭಯ ಬೇಡ. ಕಾರಣ ಗೊತ್ತಿಲ್ಲದ ಅಳು ಮಕ್ಕಳನ್ನು ಜಾಸ್ತಿ ಹೆದರಿಸುತ್ತದೆ. ಸಿನಿಮಾದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಒಂದು ಭಾನುವಾರ ಅವಳನ್ನೇ ಕರೆದು, ನಿಲ್ಲಿಸಿದ ಕಡೆಯಿಂದ ಹಾಕು ಅನ್ನಿ. ಅದಕ್ಕೂ ಮೊದಲು ಒಂದು ಮಾತು. ಆ ದಿನ ಅವಳು ಕೇಳಿದ ಪ್ರಶ್ನೆಗೆ ನೀವು ‘ಇಲ್ಲ’ ಅಂದಿದ್ದಿರಿ. ಈಗ ಉತ್ತರ ಬೇರೆ ಇದೆ ಅನ್ನಿಸಿದರೆ ಅದನ್ನು ಅವಳಿಗೆ ಹೇಳಿ.